ಬ್ಯಾಟರಿಗೊಂದು ಜಾಗ

೧೦ ಅಕ್ಟೋಬರ್ ೧೯೫೬, ಬುಧವಾರ
ಕೃಷ್ಣರಾಜನಗರ

ನಾನು ವಿಮಾನದಲ್ಲಿ ಹಾರುತ್ತೇನೆ, ಅದೂ ನಮ್ಮದೇ ವಿಮಾನದಲ್ಲಿ, ನಮ್ಮ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಕಟ್ಟಿದ ವಿಮಾನದಲ್ಲಿ, ಇವರ ಹಿಂದಿನ ಸೀಟಿನಲ್ಲಿ ಕೂತು! ಕಾನ್ವೆಂಟಿನ ಸಿಸ್ಟರುಗಳು ದಿನಚರಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಅಭ್ಯಾಸ ಮಾಡಿಸಿದ್ದರು. ಇವತ್ತಿನ ಸಂತೋಷ ಆ ಭಾಷೆಯಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಇಂದಿನಿಂದ ಕನ್ನಡ.

ಮದುವೆಯಾಗಿ ನಾಲ್ಕು ತಿಂಗಳು. ಗಂಡನಿಗೆ ಗಿರಣಿ ಇದೆ ಎಂದು ಹೇಳಿದ್ದರೇ ಹೊರತು ಗೋದಾಮಿನಲ್ಲಿ ಅರ್ಧ ಕಟ್ಟಿದ ವಿಮಾನವಿದೆ ಎಂದು ಮೈಸೂರಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ನಕ್ಷೆ ಇಂಗ್ಲೆಂಡಿನಿಂದ ಅಂಚೆಯಲ್ಲಿ ಬಂದದ್ದು, ಮರ ಹುಣಸೂರಿನದು, ಎಂಜಿನ್ ಯುದ್ಧದ ಸಾಮಾನಿನ ಹರಾಜಿನಲ್ಲಿ ಸಿಕ್ಕಿದ್ದು. ಕಟ್ಟಿದವರು ಇಬ್ಬರು, ಇವರು ಮತ್ತು ಗಿರಣಿಯ ಫಿಟ್ಟರ್ ಚೆಲುವಯ್ಯ; ಬಂದ ಮೇಲೆ ಹಲಗೆ ಆರಿಸುವುದಕ್ಕೂ ಬಟ್ಟೆ ಹೊಲಿಯುವುದಕ್ಕೂ ನಾನೂ ಸೇರಿಕೊಂಡೆ.

ಇವತ್ತು ತೂಕ. ಅಕ್ಕಪಕ್ಕದ ಗಿರಣಿಗಳಿಂದ ಮೂಟೆ ತೂಗುವ ಯಂತ್ರ ತರಿಸಿ ಒಂದೊಂದು ಚಕ್ರಕ್ಕೆ ಒಂದೊಂದು ಇಟ್ಟರು. ವಿಮಾನವನ್ನು ಒಂದು ಬೆರಳ ತುದಿಯಲ್ಲಿ ನಿಲ್ಲಿಸಿದರೆ ಎಲ್ಲಿ ಸಮವಾಗಿ ನಿಲ್ಲುತ್ತದೋ ಆ ಜಾಗ ರೆಕ್ಕೆಯ ಕೆಳಗೆ ಅರ್ಧ ಗೇಣಿನೊಳಗೆ ಇರಬೇಕಂತೆ. ಮುಂದೆ ಹೋದರೆ ಮೂಗು ಬಗ್ಗುತ್ತದೆ. ಹಿಂದೆ ಹೋದರೆ ಬಾಲ ಜಗ್ಗಿ, ಮೇಲೆದ್ದ ವಿಮಾನ ಹಾಗೇ ಮಗುಚಿಕೊಳ್ಳುತ್ತದೆ. ಇವರು ಸೀಮೆಸುಣ್ಣ ಸಿಗದೆ ಇದ್ದಲಿನಲ್ಲೇ ಗೋಡೆಯ ಮೇಲೆ ಬರೆದರು: ಎಡ ಚಕ್ರ ೨೯೦ ಪೌಂಡು, ಬಲ ಚಕ್ರ ೨೮೮, ಬಾಲ ೪೨. ಕೊನೆಗೆ ನನ್ನನ್ನೂ ನಿಲ್ಲಿಸಿ ತೂಗಿದರು. ೯೭. ಚೆಲುವಯ್ಯ, "ಅಮ್ಮಾವ್ರು ಒಂದು ಮೂಟೆ ನುಚ್ಚಿಗಿಂತ ಕಮ್ಮಿ ಅವ್ರೆ, ಬುದ್ಧಿ. ಧಾರಾಳವಾಗಿ ಆರ್ತದೆ" ಎಂದ. ಈ ಅಂಕಿಗಳನ್ನೆಲ್ಲ ಇಲ್ಲಿ ನಕಲು ಮಾಡಿಕೊಂಡಿದ್ದೇನೆ. ಮುಂದೆ ನನ್ನ ಮಕ್ಕಳಿಗೆ ತೋರಿಸಬೇಕಲ್ಲ.

ಇನ್ನು ಉಳಿದಿರುವುದು ಬ್ಯಾಟರಿ ಒಂದೇ. ಮೂವತ್ತು ಪೌಂಡು. ಇವರ ಲೆಕ್ಕದ ಪ್ರಕಾರ ಅದಕ್ಕೆ ಸರಿಯಾದ ಜಾಗ ನನ್ನ ಸೀಟಿನ ಹಿಂದಿನ ಹಲಗೆ. ಅರ್ಧ ದಿನದ ಕೆಲಸವಂತೆ.

೧೩ ಅಕ್ಟೋಬರ್, ಶನಿವಾರ

ಆಯುಧಪೂಜೆ. ಅತ್ತೆ ಇಡೀ ಗಿರಣಿಗೆ ಸುಣ್ಣ ಬಳಿಸಿದ್ದಾರೆ. ಎಂಜಿನ್ನಿಗೆ ವಿಭೂತಿ, ತೂಕದ ಯಂತ್ರಕ್ಕೆ ವಿಭೂತಿ, ಬೀಗದ ಕೈಗೂ ವಿಭೂತಿ. ವಿಮಾನಕ್ಕೆ ಎರಡು ಬಾಳೆಕಂದು. ಇವರು ಹಬ್ಬಕ್ಕೆಂದು ನಿನ್ನೆ ಬಾಲಕ್ಕೆ ಕೆಂಪು ಬಣ್ಣ ಹೊಡೆದಿದ್ದರು, ಎಷ್ಟು ಚೆಂದ!

ಬೂದುಗುಂಬಳ ಒಡೆದು ಎಲ್ಲರೂ ಊಟಕ್ಕೆ ಹೊರಟರೂ ಅತ್ತೆ ಮಾತ್ರ ಗೋದಾಮು ಬಿಟ್ಟು ಬರಲಿಲ್ಲ. ಕರೆಯಲು ಹೋದಾಗ ಬಾಲದ ಹತ್ತಿರ ನಿಂತಿದ್ದರು. ಮಡಿಲಲ್ಲಿ ಏನೋ ಕಟ್ಟಿಕೊಂಡಿದ್ದರು, ತೆಂಗಿನಕಾಯಿ ಇರಬೇಕು. "ನಡಿ ತಾಯಿ, ಬತ್ತೀನಿ" ಎಂದರು. ಅರ್ಧ ಗಂಟೆ ಎಲೆಯ ಮುಂದೆ ಕಾದೆವು. ಹಬ್ಬದ ದಿನ ಹಸಿದವಳ ಸಂಕಟ ಅತ್ತೆಯರಿಗೆ ಏಕೆ ತಿಳಿಯುವುದಿಲ್ಲವೋ.

೧೫ ಅಕ್ಟೋಬರ್, ಸೋಮವಾರ

ಜಗಳ. ನನ್ನ ತಪ್ಪೇನೂ ಇಲ್ಲ ಎಂದು ಬರೆದುಕೊಳ್ಳುತ್ತಿದ್ದೇನೆ.

ಈ ಬ್ಯಾಟರಿ ಬಂದದ್ದೇ ಅತ್ತೆಯಿಂದ. ಇಂಥ ವಿಮಾನಗಳಲ್ಲಿ ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಿ ಎಂಜಿನ್ ಶುರು ಮಾಡುತ್ತಾರಂತೆ. ಆದರೆ ತೀರಿಹೋದ ನಮ್ಮ ಮಾವನವರ ಬಲಗೈಯ ಮೂರು ಬೆರಳು ಗಿರಣಿಯ ಬೆಲ್ಟಿಗೆ ಸಿಕ್ಕಿ ಹೋಗಿದ್ದವು. ಅತ್ತೆ ಮಗನಿಂದ ಭಾಷೆ ತೆಗೆದುಕೊಂಡರು, ಆ ಫ್ಯಾನಿಗೆ ಕೈ ಹಾಕಕೂಡದು ಎಂದು. ಅದಕ್ಕೇ ಸೆಲ್ಫ್ ಸ್ಟಾರ್ಟರು, ಅದಕ್ಕೇ ಬ್ಯಾಟರಿ. ಹೀಗಿರುವಾಗ ಇವತ್ತು ಅವರೇ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಎಲ್ಲಿಡ್ತೀಯೋ ಅದನ್ನ?"

"ಹಿಂದಿನ ಸೀಟಿನ ಹಿಂದೆ, ಅವ್ವ."

"ಅಂದ್ರೆ ಸೊಸೆ ಬೆನ್ನಿಗೆ. ಒಳಗಿರೋದೇನು, ನೀರಾ?"

"ಆಸಿಡ್ಡು."

"ಚೆನ್ನಾಗದೆ. ಮದುವೆಯಾಗಿ ನಾಕು ತಿಂಗಳಿಗೆ ಹೆಂಡ್ತಿ ಬೆನ್ನಿಗೆ ಆಸಿಡ್ಡು ಕಟ್ಟೋನು ಈ ತಾಲ್ಲೂಕಲ್ಲಿ ನೀನೊಬ್ನೇ ಕಣೋ ಶಿವನಂಜು."

ಆಮೇಲೆ ನನ್ನ ಕಡೆ ತಿರುಗಿ, ಶುಕ್ರವಾರದ ತನಕ ಯಾರೂ ಇದರೊಳಗೆ ಕೂರಬೇಡಿ, ಒಂದು ಶಾಸ್ತ್ರ ಬಾಕಿ ಅದೆ ಎಂದರು. ನಾನು ಆಗಲೇ ಸೀಟಿನಲ್ಲಿ ಕೂತಿದ್ದೆ. ಅಲ್ಲಿಂದಲೇ, "ಅತ್ತೆ, ವಿಮಾನ ಹಾರೋದು ಶಾಸ್ತ್ರದಿಂದಲ್ಲ, ಲೆಕ್ಕದಿಂದ" ಎಂದೆ. ಚೆಲುವಯ್ಯ ಸ್ಪ್ಯಾನರು ಹುಡುಕುವ ನೆಪದಲ್ಲಿ ಹೊರಗೆ ಹೋದ. ಅತ್ತೆ ನನ್ನನ್ನೇ ನೋಡಿದರು.

"ಅಂಗಾದ್ರೆ ಲೆಕ್ಕಾನೇ ಮಾಡ್ಕಳಿ."

ಈಗ ಟ್ರಂಕಿಗೆ ಸೀರೆ ತುಂಬುತ್ತಿದ್ದಾರೆ. ನಾಳೆ ಹಾಸನಕ್ಕೆ, ಮಗಳು ಭದ್ರಮ್ಮನ ಮನೆಗೆ. ನಾನು ಹೇಳಿದ್ದು ನಿಜವೇ ಅಲ್ಲವೇ? ಇವರೂ ನಿಜ ಎಂದರು, ಆದರೆ ನನ್ನ ಮುಖ ನೋಡದೆ.

೧೮ ಅಕ್ಟೋಬರ್, ಗುರುವಾರ

ಬ್ಯಾಟರಿಯನ್ನು ಹಲಗೆಯ ಮೇಲೆ ಕಟ್ಟಿ ಮತ್ತೆ ತೂಗಿದೆವು. ಬಾಲ ಭಾರ. ಸ್ವಲ್ಪ ಅಲ್ಲ, ಹಾರಲಾಗದಷ್ಟು. ಹೋದ ವಾರದ ಅಂಕಿಗಳೊಂದಿಗೆ ಹೋಲಿಸೋಣವೆಂದರೆ ಗೋಡೆಗೆ ಸುಣ್ಣ ಬಳಿದಾಗಿದೆ. ಇವರು ಗೋಡೆಯನ್ನು ಉಗುರಿನಿಂದ ಕೆರೆದರು, ಸುಣ್ಣದ ಜೊತೆ ಇದ್ದಲೂ ಉದುರಿತು. "ನನ್ನ ಮೊದಲ ಲೆಕ್ಕವೇ ತಪ್ಪಿರಬೇಕು. ಕೆಂಪು ಬಣ್ಣದ ಭಾರ ಸೇರಿಸಿರಲಿಲ್ಲ" ಎಂದರು. ಬ್ಯಾಟರಿಯನ್ನು ಎರಡು ಅಡಿ ಮುಂದೆ ತಂದರೆ ಸರಿಹೋಗುತ್ತದಂತೆ.

ಎರಡು ಅಡಿ ಮುಂದೆ ಎಂದರೆ ನನ್ನ ಸೀಟಿನ ಕೆಳಗೆ.

೨೦ ಅಕ್ಟೋಬರ್, ಶನಿವಾರ

ಸೀಟಿನ ಕೆಳಗೆ ಬ್ಯಾಟರಿ ನಿಲ್ಲುವಷ್ಟು ಎತ್ತರವಿಲ್ಲ. ಇವರು ಸೀಟನ್ನು ನಾಲ್ಕು ಅಂಗುಲ ಎತ್ತಿಸಿದರು. ಈಗ ನಾನು ಕೂತರೆ ಮೇಲಿನ ಗಾಜಿಗೆ ತಲೆ ತಾಗುತ್ತದೆ. "ಜಡೆ ಸುತ್ತಿ ಕಟ್ಟಬೇಡ, ಇಳಿಬಿಡು" ಎಂದು ಸಲಹೆ ಕೊಟ್ಟರು. ನಾಲ್ಕು ತಿಂಗಳಲ್ಲಿ ನನ್ನ ಜಡೆಯ ಬಗ್ಗೆ ಇವರು ಆಡಿದ ಮೊದಲ ಮಾತು ಇದು.

೨೩ ಅಕ್ಟೋಬರ್, ಮಂಗಳವಾರ

ನನ್ನ ಹಸಿರು ಮೈಸೂರು ರೇಷ್ಮೆ ಹೋಯಿತು. ಸೀಟಿನ ಮೇಲೆ ಕೂತು ನೋಡು ಎಂದರು, ಕೂತೆ. ತೂಕಕ್ಕೆಂದು ಎತ್ತಿ ನಿಲ್ಲಿಸಿದ್ದ ಬಾಲವನ್ನು ಚೆಲುವಯ್ಯ ಇಳಿಸಿದ, ಬ್ಯಾಟರಿ ಓರೆಯಾಗಿ ಆಸಿಡ್ಡು ಚೆಲ್ಲಿತು, ಸೆರಗಿನ ತುದಿಯಲ್ಲಿ ಅಂಗೈಯಗಲ ತೂತು. ಇವರು ಓಡಿಬಂದು ಮೊದಲು ನೋಡಿದ್ದು ಬ್ಯಾಟರಿಯನ್ನು.

"ನಿಮ್ಮವ್ವ ಮಂಗಳಮ್ಮನೋರು ಅವತ್ತೇ ಏಳಿದ್ರು, ಬುದ್ಧಿ" ಎಂದ ಚೆಲುವಯ್ಯ.

"ನಿನ್ನನ್ನ ಯಾರು ಕೇಳಿದರು?" ಎಂದು ಇವರೂ ನಾನೂ ಒಟ್ಟಿಗೇ ಹೇಳಿದೆವು. ಈ ವಾರದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದೊಂದು ಸಲ.

೨೫ ಅಕ್ಟೋಬರ್

ಬ್ಯಾಟರಿ. ಬೇರೆ ಏನೂ ನಡೆಯಲಿಲ್ಲ, ನಡೆಯುವುದೂ ಇಲ್ಲ.

೨೭ ಅಕ್ಟೋಬರ್, ಶನಿವಾರ

ಬೆಂಗಳೂರಿನಿಂದ ಕಾಗದ. ವಿಮಾನ ಪರೀಕ್ಷಿಸುವ ಅಧಿಕಾರಿ ನವೆಂಬರ್ ಹನ್ನೆರಡು, ಸೋಮವಾರ ಬರುತ್ತಾರೆ. ಅವತ್ತು ತೂಕದ ಲೆಕ್ಕ ಸರಿಯಿಲ್ಲದಿದ್ದರೆ ಹಾರಲು ಅನುಮತಿಯಿಲ್ಲ, ಮತ್ತೆ ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ಸುಗ್ಗಿ ಬಂದು ಗೋದಾಮಿಗೆ ಭತ್ತ ತುಂಬಬೇಕು, ವಿಮಾನವನ್ನು ಬಿಚ್ಚಿ ಅಟ್ಟಕ್ಕೆ ಹಾಕಬೇಕು. ಇವರು ಕಾಗದವನ್ನು ಮೂರು ಸಲ ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ಊಟದಲ್ಲಿ ಅನ್ನಕ್ಕೆ ಮಜ್ಜಿಗೆಯ ಬದಲು ನೀರು ಸುರಿದುಕೊಂಡರು, ಗೊತ್ತಾಗಲೇ ಇಲ್ಲ.

ಈಗ ಊರಿನವರಿಗೆಲ್ಲ ಒಂದೊಂದು ಅಭಿಪ್ರಾಯ. ಪಿರಿಯಾಪಟ್ಟಣದ ಬಸ್ಸಿನ ಡ್ರೈವರ್ ರುದ್ರಸ್ವಾಮಿ ಬಸ್ಸನ್ನು ಗಿರಣಿಯ ಮುಂದೆ ನಿಲ್ಲಿಸಿ, ಪ್ರಯಾಣಿಕರನ್ನು ಒಳಗೇ ಕೂರಿಸಿ, ನೋಡಲು ಬಂದಿದ್ದ.

"ಡ್ರೈವರ್ ಕಾಲಡಿ ಮಡಗಿ ಸ್ವಾಮಿ. ನನ್ ಬಸ್ಸಲ್ಲಿ ಅಲ್ಲೇ ಇರೋದು."

"ನಿನ್ನ ಬಸ್ಸು ಹಾರುತ್ತೇನಪ್ಪ?" ಎಂದರು ಇವರು.

"ಬೆಟ್ಟದಪುರದ ಇಳಿಜಾರಲ್ಲಿ ಒಂದೊಂದ್ಸಲ ಆರ್ತದೆ, ಕೇಳಿ ಬೇಕಾದ್ರೆ." ಬಸ್ಸಿನ ಕಿಟಕಿಯಿಂದ ಒಬ್ಬಾಕೆ, "ನಿಜ ಕಣ್ರವ್ವಾ" ಎಂದಳು.

ಇವರು ಅದನ್ನೂ ಮಾಡಿ ನೋಡಿದರು. ಮುಂದಿನ ಸೀಟಿನ ಕೆಳಗಿಟ್ಟರೆ ಕಾಲಿನ ಪೆಡಲಿನ ತಂತಿ ಬ್ಯಾಟರಿಗೆ ಉಜ್ಜುತ್ತದೆ, ಮೂಗೂ ಭಾರ. ಬಿಚ್ಚಿದರು.

೩೦ ಅಕ್ಟೋಬರ್

ಎಂಜಿನ್ನಿನ ಪಕ್ಕದ ತಗಡಿಗೆ ಕಟ್ಟಿದರು. ಮೂಗು ಇನ್ನೂ ಭಾರ. ಅದೂ ಅಲ್ಲದೆ, ಎಂಜಿನ್ ಹತ್ತು ನಿಮಿಷ ಓಡುವಷ್ಟರಲ್ಲಿ ಬ್ಯಾಟರಿಯ ಡಬ್ಬದ ಮೇಲೆ ಕೈ ಇಡಲಾಗಲಿಲ್ಲ. ಬಿಚ್ಚಿದರು. ವಿಮಾನದ ತುಂಬ ಈಗ ಸ್ಕ್ರೂ ಹಾಕಿ ತೆಗೆದ ತೂತುಗಳು. ಚೆಲುವಯ್ಯ ಒಂದೊಂದಕ್ಕೂ ಮರದ ಬೆಣೆ ಹೊಡೆಯುತ್ತಾನೆ, ಹೊಡೆಯುವಾಗ ಒಂದೊಂದಕ್ಕೂ ನಿಟ್ಟುಸಿರು ಬಿಡುತ್ತಾನೆ.

ಲೆಕ್ಕದ ಹಾಳೆ ನಾನೇ ಇಟ್ಟುಕೊಂಡಿದ್ದೇನೆ. ಇವರು ಆರು ಮತ್ತು ಒಂಬತ್ತನ್ನು ಒಂದೇ ಥರ ಬರೆಯುತ್ತಾರೆ, ನೋಡಿ ನೋಡಿ ತಲೆಚಿಟ್ಟು ಹಿಡಿದು ಪೆನ್ಸಿಲ್ ಕಿತ್ತುಕೊಂಡೆ.

೪ ನವೆಂಬರ್, ಭಾನುವಾರ

ಮದುವೆಯ ನಂತರದ ಮೊದಲ ದೀಪಾವಳಿಗೆ ಮೈಸೂರಿಗೆ ಹೋಗಿ ಬಂದೆವು. ಅಳಿಯನಿಗೆ ಎಣ್ಣೆನೀರು, ಹೊಸ ಪಂಚೆ, ಬೆಳ್ಳಿ ಲೋಟ. ಅಳಿಯ ಜೊತೆಯಲ್ಲಿ ತಂದದ್ದು ಬ್ಯಾಟರಿ! ಚಾರ್ಜು ಮಾಡಿಸಬೇಕಿತ್ತಂತೆ. ರೈಲಿನಲ್ಲಿ ಅದನ್ನು ಕಿಟಕಿಯ ಪಕ್ಕ ಇಟ್ಟು ನನ್ನನ್ನು ಈ ಬದಿಗೆ ಕೂರಿಸಿದರು. ಅಪ್ಪಾಜಿ ನಗುತ್ತ, "ಮಗಳಿಗೆ ಸವತಿ ಇದ್ದಾಳೆ ಅಂತ ಮೊದಲೇ ಹೇಳಬಾರದಿತ್ತೇ?" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅಮ್ಮ ಕೇಳಿದಳು, ನಿಮ್ಮತ್ತೆ ಹಬ್ಬಕ್ಕೂ ಬರಲಿಲ್ಲವೇ ಎಂದು. ಹಾಸನದಲ್ಲಿದ್ದಾರೆ ಎಂದೆ. ಮಾತು ಬೇರೆ ಕಡೆ ತಿರುಗಿಸಿದೆ. ಬೆಳಿಗ್ಗೆ ಕಾಫಿಗೆ ಇಬ್ಬರಿಗೆ ಅಳತೆ ಹಾಕಲು ನನಗಿನ್ನೂ ಬರುತ್ತಿಲ್ಲ, ದಿನಾ ಒಂದು ಲೋಟ ಉಳಿಯುತ್ತದೆ.

೫ ನವೆಂಬರ್, ಸೋಮವಾರ

ಇವರು ಇವತ್ತು ಬಹಳ ಮೆತ್ತಗೆ ಮಾತಾಡಿದರು. ಆಗಲೇ ನನಗೆ ತಿಳಿಯಬೇಕಿತ್ತು.

"ನೀಲಾ, ಒಂದೇ ದಾರಿ ಉಳಿದಿದೆ. ಹಿಂದಿನ ಸೀಟು ತೆಗೆದುಬಿಡ್ತೀನಿ. ಬ್ಯಾಟರಿ ಅಲ್ಲಿ ಭದ್ರವಾಗಿ ಕೂರುತ್ತೆ, ಲೆಕ್ಕವೂ ಸರಿ ಬರುತ್ತೆ."

"ನಾನು?"

"ನೀನು ಕೆಳಗಿಂದ ನೋಡಬಹುದಲ್ಲ."

ಕೆಳಗಿಂದ ನೋಡಬೇಕಂತೆ. ಹುಣಸೂರಿನ ಮರದ ಅಡ್ಡೆಯಲ್ಲಿ ಬಿಸಿಲಲ್ಲಿ ನಿಂತು ಹಲಗೆ ಆರಿಸಿದವಳು, ರೆಕ್ಕೆಗೆ ಬಟ್ಟೆ ಹೊಲಿದು ಬೆರಳ ತುದಿ ತೂತು ಮಾಡಿಕೊಂಡವಳು ಕೆಳಗೆ ನಿಂತು ಸೀರೆಯ ತೂತಿನಿಂದ ಆಕಾಶ ನೋಡಬೇಕು. ಬ್ಯಾಟರಿ ಮೇಲೆ ಹೋಗುತ್ತದೆ. ಒಳ್ಳೆಯದು, ಅವಳನ್ನೇ ಕರೆದುಕೊಂಡು ಹೋಗಲಿ.

ಎಷ್ಟು ಖುಷಿಯಲ್ಲಿ ಈ ಪುಸ್ತಕ ಶುರು ಮಾಡಿದ್ದೆನೆಂದು ನೋಡಿ ಅತ್ತುಬಿಡೋಣವೆಂದು ಮೊದಲ ಪುಟ ತೆಗೆದೆ. ಅಳು ಬರಲಿಲ್ಲ. ಎಡ ೨೯೦, ಬಲ ೨೮೮, ಬಾಲ ೪೨.

ಗೋಡೆಯ ಮೇಲಿದ್ದ ಅಂಕಿಗಳು ಇಲ್ಲಿವೆ. ಇಷ್ಟು ದಿನವೂ ನನ್ನ ದಿಂಬಿನ ಕೆಳಗೇ ಇದ್ದವು.

೬ ನವೆಂಬರ್, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಇವರು ಸ್ಕ್ರೂಡ್ರೈವರ್ ಹಿಡಿದು ನನ್ನ ಸೀಟಿನ ಹತ್ತಿರ ಹೋಗುವ ಮೊದಲೇ ನಾನು ಅದರಲ್ಲಿ ಕೂತು, ಬ್ಯಾಟರಿಯನ್ನು ಹೊರಗಿಟ್ಟು ಇನ್ನೊಂದು ಸಲ ತೂಗಲು ಒಪ್ಪುವವರೆಗೆ ಇಳಿಯುವುದಿಲ್ಲ ಎಂದೆ. ಚೆಲುವಯ್ಯ, "ತೂಗ್ಬುಡನ ಬುದ್ಧಿ, ಅಮ್ಮಾವ್ರು ಇಳಿಯೋ ಅಂಗೆ ಕಾಣಕಿಲ್ಲ" ಎಂದ. ಇವರು ಒಪ್ಪಿದರು, ನಾನು ಇಳಿದೆ, ಸೀಟನ್ನು ಮೊದಲಿನ ಎತ್ತರಕ್ಕೇ ತಂದು ತೂಗಿದರು. ಎಡ ೨೯೦. ಬಲ ೨೮೮. ಬಾಲ ೪೭½.

ದಿನಚರಿಯ ಮೊದಲ ಪುಟವನ್ನು ಕೈಯಿಂದ ಅರ್ಧ ಮುಚ್ಚಿ ಇವರಿಗೆ ತೋರಿಸಿದೆ. ಬಣ್ಣ, ಎಂದರು ಇವರು. ಬಣ್ಣದ ಡಬ್ಬ ತಂದು ಮುಂದಿಟ್ಟೆ. ಮುಕ್ಕಾಲು ಪಾಲು ಹಾಗೇ ಇದೆ, ಹೊಡೆದ ಬಣ್ಣದಲ್ಲಿ ಒಣಗಿ ಆರಿದ್ದು ಬಿಟ್ಟರೆ ಉಳಿದದ್ದು ಅರ್ಧ ಪೌಂಡು. ಮಿಕ್ಕ ಐದು ಪೌಂಡು? ಚಕ್ರಗಳ ತೂಕ ಒಂದಿಷ್ಟೂ ಬದಲಾಗಿಲ್ಲ. ಆದ್ದರಿಂದ ಆ ಐದು ಪೌಂಡು ಬಾಲದ ತುದಿಯಲ್ಲೇ ಇರಬೇಕು, ಬೇರೆಲ್ಲೂ ಅಲ್ಲ. ಅಷ್ಟು ಹಿಂದೆ ಐದು ಪೌಂಡು ಕೂತರೆ, ಮೂವತ್ತು ಪೌಂಡಿನ ಬ್ಯಾಟರಿಯನ್ನು ಎರಡು ಅಡಿ ಮುಂದಕ್ಕೆ ಓಡಿಸುತ್ತದೆ. ಇವರು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. ನೋಡಲಿ.

ಬಾಲದ ಹತ್ತಿರ, ತಂತಿಗೆ ಎಣ್ಣೆ ಹಾಕಲೆಂದು, ಬಟ್ಟೆಯಲ್ಲಿ ಲಾಡಿ ಕಟ್ಟಿದ ಒಂದು ಕಿಂಡಿ ಇದೆ. ಲಾಡಿ ಬಿಚ್ಚಿ ಕೈ ಹಾಕಿದೆ. ತಣ್ಣಗೆ, ದುಂಡಗೆ ಏನೋ. ಚೆಲುವಯ್ಯ ಟಾರ್ಚು ಹಿಡಿದ.

ಗುಂಡುಕಲ್ಲು. ಖಾರ ಅರೆಯುವ ಸಣ್ಣ ಒರಳಿನದು. ಕೆಂಪು ವಸ್ತ್ರ ಸುತ್ತಿ, ವಿಭೂತಿ ಹಚ್ಚಿ, ಕಾಡಿಗೆ ಇಟ್ಟು, ಅಲುಗಾಡದಂತೆ ಲಾಡಿಯಿಂದ ಕಟ್ಟಿ ಮಲಗಿಸಿದ್ದಾರೆ. ತಲೆಗೆ ಕುಲಾವಿ. ಬಣ್ಣ ಹೋದ, ಅಂಚು ಸವೆದ, ಯಾವ ಕಾಲದ್ದೋ ಮಗುವಿನ ಕುಲಾವಿ.

ನನ್ನ ಅಕ್ಕನ ಮಗುವಿನ ನಾಮಕರಣದಲ್ಲಿ ನೋಡಿದ್ದೆ. ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲಿಗೆ ಮಗುವಿನ ಹಾಗೆ ಅಲಂಕಾರ ಮಾಡಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಮಗು ಕಲ್ಲಿನಷ್ಟು ಗಟ್ಟಿಯಾಗಿರಲಿ ಎಂದು. ಆಮೇಲೆ ಕಲ್ಲನ್ನು ತೆಗೆದು ಮಗುವನ್ನು ಮಲಗಿಸುತ್ತಾರೆ. ಬಾಕಿ ಇದ್ದ ಶಾಸ್ತ್ರ ಇದೇ. ಶುಕ್ರವಾರ ಕಲ್ಲು ತೆಗೆದು, ಆಮೇಲೆ ನಮ್ಮನ್ನು ಕೂರಿಸಬೇಕೆಂದಿದ್ದರು. ಮಂಗಳವಾರವೇ ರೈಲು ಹತ್ತಿಸಿದವಳು ನಾನು.

"ಇದು ನಿಮ್ ತೊಟ್ಲು ಕಲ್ಲೇ ಕಣ್ ಬುದ್ಧಿ" ಎಂದ ಚೆಲುವಯ್ಯ. "ನಾನೇ ಒರಳು ಕಡೆಸ್ಕೊಂಡು ಬಂದಿದ್ದು. ಆ ಕುಲಾವೀನೂ ನಿಮ್ದೇಯ."

ಇವರಿಗೆ ಮೊದಲು ಬಂದದ್ದು ಕೋಪ. ಮೂರು ವಾರ, ಹದಿನೆಂಟು ತೂತು, ಅಧಿಕಾರಿ ಬರಲು ಆರು ದಿನ. "ತೆಗೆದು ಆಚೆ ಹಾಕು" ಎಂದರು. ನಾನು ಕಿಂಡಿಗೆ ಅಡ್ಡ ನಿಂತೆ.

"ಇಟ್ಟವರೇ ತೆಗೆಯಬೇಕು."

"ನೀಲಾ, ಲೆಕ್ಕ ಸರಿಯಾಗೋದು ಹೇಗೆ?"

"ಲೆಕ್ಕಕ್ಕೆ ಕಲ್ಲು ತೆಗೆಯೋದು ಬೇಡ. ಕಾಗದದ ಮೇಲೆ ಐದು ಪೌಂಡು ಕಳೆದರೆ ಸಾಕು. ಕಳೆದು ನೋಡಿದ್ದೀನಿ. ಬ್ಯಾಟರಿ ನೀವು ಮೊದಲ ದಿನ ಹೇಳಿದ ಜಾಗದಲ್ಲೇ ಕೂರುತ್ತೆ. ನನ್ನ ಸೀಟಿನ ಹಿಂದೆ."

ಇವರು ಟಾರ್ಚು ತೆಗೆದುಕೊಂಡು ಕಿಂಡಿಯೊಳಗೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಚೆಲುವಯ್ಯ ಮತ್ತೆ ಸ್ಪ್ಯಾನರು ಹುಡುಕಲು ಹೊರಗೆ ಹೋದ. ಕೊನೆಗೆ ಇವರೇ ಲಾಡಿ ಕಟ್ಟಿದರು, ಬಿಗಿಯಾಗಿ, ಎರಡು ಗಂಟು ಹಾಕಿ.

ಮಧ್ಯಾಹ್ನದ ಟಪಾಲಿಗೆ ಹಾಸನಕ್ಕೆ ಕಾಗದ ಬರೆದೆ. ಕ್ಷಮಿಸಿ ಎಂದು ಬರೆದು ಹೊಡೆದು ಹಾಕಿದೆ, ಅದು ಕಾನ್ವೆಂಟಿನ ಮಾತಿನ ಹಾಗೆ ಕಂಡಿತು. ಕೊನೆಗೆ ಬರೆದದ್ದು ಇಷ್ಟೇ: "ಅತ್ತೆ, ಕಲ್ಲು ಮಲಗಿದ್ದಲ್ಲೇ ಇದೆ, ಯಾರೂ ಎತ್ತಿಲ್ಲ. ಸೋಮವಾರ ಸಾಹೇಬರು ಬರುತ್ತಾರೆ. ನೀವು ಬಂದು ತೆಗೆದರೆ ನಾವು ಕೂರುತ್ತೇವೆ."

೭ ನವೆಂಬರ್, ಬುಧವಾರ

ಬ್ಯಾಟರಿಗೆ ಪೆಟ್ಟಿಗೆ. ತೇಗದ್ದು, ಒಳಗೆ ಸೀಸದ ತಗಡು, ಮೇಲೆ ಮುಚ್ಚಳ, ಆಸಿಡ್ಡಿನ ಹೊಗೆ ಹೊರಗೆ ಹೋಗಲು ಒಂದು ರಬ್ಬರ್ ಕೊಳವೆ. ನನ್ನ ಬೆನ್ನಿಗೂ ಅದಕ್ಕೂ ನಡುವೆ ಒಂದು ಹಲಗೆ. ಪೆಟ್ಟಿಗೆಯದ್ದು ಆರು ಪೌಂಡು, ಅದನ್ನೂ ಸೇರಿಸಿ ನಾನು ಎರಡು ಸಲ ಲೆಕ್ಕ ಮಾಡಿದೆ. ಪೆಟ್ಟಿಗೆಯ ಯೋಚನೆ ಮೊದಲೇ ಏಕೆ ಬರಲಿಲ್ಲ ಎಂದು ಕೇಳಿದೆ. "ಅವ್ವ ಅವತ್ತು ಹೇಳಿದಾಗ ಕೇಳಿಸಿಕೊಂಡಿದ್ದರೆ ಬರ್ತಿತ್ತು" ಎಂದರು. ನನ್ನ ಹಸಿರು ರೇಷ್ಮೆಯ ಒಳ್ಳೆಯ ಭಾಗದಿಂದ ಪೆಟ್ಟಿಗೆಗೆ ಒಂದು ಕವಚ ಹೊಲಿಯುತ್ತಿದ್ದೇನೆ. ಸವತಿಯಾದರೂ ಮನೆಯವಳೇ ತಾನೇ.

೮ ನವೆಂಬರ್

ಟಪಾಲು ಇಲ್ಲ. ಇವರು ಎರಡು ಸಲ ಅಂಚೆ ಕಚೇರಿಗೆ ಹೋಗಿ ಬಂದರು. ಕಲ್ಲು ತೆಗೆಯೋಣವೇ ಎಂದು ಮಾತ್ರ ಕೇಳಲಿಲ್ಲ.

೯ ನವೆಂಬರ್, ಶುಕ್ರವಾರ

ಪೋಸ್ಟ್ ಕಾರ್ಡು ಬಂತು. ಭದ್ರಮ್ಮನ ಅಕ್ಷರ, ಅತ್ತೆಯ ಮಾತು: "ನೀಲಾಂಬಿಕೆಗೆ ಆಶೀರ್ವಾದ. ಕಲ್ಲಿನ ತೂಕ ಐದು ಪೌಂಡು ಅಂತ ಮುಟ್ಟದಲೇ ಹೆಂಗೆ ಕಂಡುಹಿಡಿದೆ? ನನ್ನ ಮಗ ಅಂತೂ ಕಂಡುಹಿಡಿಯೋನಲ್ಲ. ಇಲ್ಲಿ ಹಬ್ಬದ ಕಜ್ಜಾಯ ಉಳಿದವೆ, ತತ್ತೀನಿ. ಕಲ್ಲು ತೆಗೆದ ಮ್ಯಾಲೆ ಮೊದಲು ನೀನು ಕೂರು, ಆಮೇಲೆ ಅವನು. ಬ್ಯಾಟ್ರಿ ಕೊನೆಗೆ ಎಲ್ಲಿಟ್ರಿ?"

ಕಲ್ಲಿನ ತೂಕ ಐದು ಪೌಂಡು ಎಂದು ನಾನು ಕಾಗದದಲ್ಲಿ ಬರೆದೇ ಇರಲಿಲ್ಲ. ಕೇಳಿದಾಗ ಇವರು ಕಿಟಕಿಯ ಹೊರಗೆ ನೋಡುತ್ತ, ತಾವೂ ಅವತ್ತೇ ಒಂದು ಕಾಗದ ಹಾಕಿದ್ದಾಗಿ ಹೇಳಿದರು.

ಕಾಫಿಪುಡಿ ತರಿಸಬೇಕು, ಅತ್ತೆಯ ಕೋಣೆ ಗುಡಿಸಬೇಕು. ಸ್ಟೇಷನ್ನಿಗೆ ಜೋಡೆತ್ತಿನ ಗಾಡಿ ಹೇಳಿಯಾಯಿತು. ಇವರೂ ಬರುತ್ತಾರೆ, ಚೆಲುವಯ್ಯನೂ ಬರುತ್ತಾನಂತೆ. ಆದರೆ ಟ್ರಂಕು ನಾನೇ ಇಳಿಸಿಕೊಳ್ಳುತ್ತೇನೆ. ಕಾರ್ಡಿನ ಅಂಚಿನಲ್ಲಿದ್ದ ಕೊನೆಯ ಸಾಲನ್ನು ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ, ಗೋಡೆಯ ಮೇಲೆ ಬರೆದರೆ ಉಳಿಯುವುದಿಲ್ಲ: ಶನಿವಾರ, ಅರಸೀಕೆರೆಯಿಂದ ಮೈಸೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರು.